ಸೊಟ್ಟಗಿರುವುದು ಗಾಡಿಯೋ, ಹಳಿಯೋ, ಕ್ಯಾಮೆರಾವೋ: ಮನೆಯ ರೈಲು ವಿಡಿಯೊಗಳ ವಾಲುವಿಕೆಯನ್ನು ಪತ್ತೆ ಹಚ್ಚಿ ಸರಿಪಡಿಸುವ ಬಗೆ

ವಾಡಿ ಜಂಕ್ಷನ್ನಿನ ಬಳಿ ಚಿತ್ರಿಸಿದ ಒಂದು ನಿಮಿಷದ ತುಣುಕನ್ನು ಕಂಪ್ಯೂಟರಿಗೆ ಇಳಿಸಿಕೊಂಡು ನೋಡಿದಾಗ, ಗೂಡ್ಸ್ ಗಾಡಿ ಎಡಕ್ಕೆ ವಾಲಿಕೊಂಡು ಬರುತ್ತಿರುವಂತೆ ಕಂಡಿತು. ನಾನು ಹಿಂದುಮುಂದು ನೋಡದೆ ಚಿತ್ರವನ್ನು ಮೂರು ಡಿಗ್ರಿ ತಿರುಗಿಸಿ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಮನೆಯವರಿಗೆ ತೋರಿಸಿದೆ. ಕಲಬುರಗಿಯಲ್ಲಿ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದ ನಮ್ಮ ಕಾಕಾ ಗಾಡಿಯ ಕಡೆ ನೋಡಲೇ ಇಲ್ಲ. “ಗಾಡಿ ಸೀದಾ ಆತು ಖರೆ, ಕಂಬೆಲ್ಲ ಬೀಳ್ಲಾಕತ್ಯಾವಲ್ಲೋ ತಮ್ಮಾ” ಎಂದರು.

ಕಾಕಾ ಹೇಳಿದ್ದು ಸರಿಯಾಗಿತ್ತು. ಗಾಡಿ ತಿರುವಿನಲ್ಲಿತ್ತು, ಮತ್ತು ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನ ಹಳಿಗಿಂತ ಎತ್ತರಿಸಿಯೇ ಹಾಕಿರುತ್ತಾರೆ. ವೇಗವಾಗಿ ತಿರುಗುವ ಗಾಡಿ ಹೊರಗೆ ತಳ್ಳಿಕೊಂಡು ಹೋಗದಂತೆ ಅದನ್ನು ಒಳಬದಿಗೆ ವಾಲಿಸುವ ಏರ್ಪಾಡು ಅದು. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. ಹೊರಹಳಿಯ ಎತ್ತರಿಕೆಯನ್ನು ಹೆಚ್ಚೆಂದರೆ 165 ಮಿಲಿಮೀಟರ್‌ವರೆಗೆ ಕೊಡುತ್ತಾರೆ. ಲೆಕ್ಕ ಹಾಕಿದರೆ 100 ಮಿಲಿಮೀಟರ್ ಎತ್ತರಿಕೆಗೆ ಗಾಡಿ ಮೂರು ಡಿಗ್ರಿಗಿಂತ ತುಸು ಹೆಚ್ಚು, 165 ಮಿಲಿಮೀಟರಿಗೆ ಐದು ಡಿಗ್ರಿಗಿಂತ ಹೆಚ್ಚು ವಾಲುತ್ತದೆ. ಅಂದರೆ ಚಿತ್ರದಲ್ಲಿ ಗಾಡಿ ವಾಲಿರುವುದು ದೋಷವೇ ಆಗಿರಬೇಕೆಂದಿಲ್ಲ. ನಾನು ಸರಿಪಡಿಸಿದ್ದೆಂದುಕೊಂಡದ್ದು ಸರಿಯಾಗಿಯೇ ಇದ್ದ ಚಿತ್ರವನ್ನು. ಆದ್ದರಿಂದ ತಿರುಗಿಸುವ ಗುಂಡಿಗೆ ಕೈ ಹಾಕುವ ಮುಂಚೆ ಯಾವುದು ಸೊಟ್ಟಗಿದೆ ಎಂಬುದನ್ನು ಪತ್ತೆ ಮಾಡಿಕೊಳ್ಳಬೇಕು, ಮತ್ತು ಆ ಪತ್ತೆಗೆ ಗಾಡಿಯನ್ನು ಸಾಕ್ಷಿಯಾಗಿ ಕರೆಯಬಾರದು.

ಯಾವುದನ್ನು ನಂಬಬೇಕು

ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗೌಂಡಿಗಳು ತೂಗುಗುಂಡು ಇಳಿಬಿಡುತ್ತಾರೆ. ವಿಡಿಯೊದಲ್ಲಿ ಆ ತೂಗುಗುಂಡನ್ನು ನಾವೇ ಹುಡುಕಿಕೊಳ್ಳಬೇಕು. ವಿದ್ಯುದೀಕರಣವಾದ ಹಳಿಯ ಪಕ್ಕದ ತಂತಿ ಕಂಬಗಳು, ನಿಲ್ದಾಣದ ಕಟ್ಟಡದ ಮೂಲೆಗಳು, ಮೇಲ್ಸೇತುವೆಯ ಕಾಲುಗಳು, ವಾಡಿ ಮತ್ತು ಶಹಾಬಾದ್ ಕಡೆಯ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು ನಂಬಲು ಯೋಗ್ಯವಾದವು. ಹಳೆಯ ಟೆಲಿಗ್ರಾಫ್ ಕಂಬಗಳನ್ನು ಮಾತ್ರ ನಂಬಬೇಡಿ. ಕರಿನೆಲದಲ್ಲಿ ನೆಟ್ಟ ಕಂಬ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಮಣ್ಣಿನೊಂದಿಗೆ ತಾನೂ ವಾಲುತ್ತದೆ.

ಅಡ್ಡಗೆರೆಯ ವಿಷಯದಲ್ಲಿ ಕಲಬುರಗಿ, ಯಾದಗಿರಿ, ಬೀದರ್ ಎಂಬ ನಮ್ಮ ಮೂರು ಜಿಲ್ಲೆಗಳು ಒಂದೇ ಬಗೆಯವಲ್ಲ. ಕಲಬುರಗಿಯ ಸುತ್ತಲಿನ ತೊಗರಿ ಹೊಲಗಳ ಆಚೆ ಕಾಣುವ ಬಾನಂಚು ಬಹುಮಟ್ಟಿಗೆ ಸಮವಾಗಿರುವುದರಿಂದ ಅದನ್ನು ಧೈರ್ಯವಾಗಿ ಆಧಾರ ಮಾಡಿಕೊಳ್ಳಬಹುದು. ಯಾದಗಿರಿಯಲ್ಲಿ ಕೋಟೆಯ ಬೆಟ್ಟ ಹಿನ್ನೆಲೆಗೆ ಬಂದರೆ ಅದರ ಇಳಿಜಾರು ಕಣ್ಣನ್ನು ಸುಲಭವಾಗಿ ಮೋಸಗೊಳಿಸುತ್ತದೆ. 2017ರಲ್ಲಿ ತೆರೆದ ಬೀದರ್–ಕಲಬುರಗಿ ಮಾರ್ಗದಲ್ಲಿ, ಕಮಲಾಪುರದ ಕಡೆ ನೆಲವನ್ನು ಕಡಿದು ಹಳಿ ಹಾಕಿದ ಜಾಗಗಳಲ್ಲಿ, ಕಡಿತದ ಮೇಲಂಚು ಬಾನಂಚಿನಂತೆಯೇ ತೋರುತ್ತದೆ. ಅದರ ಪ್ರಕಾರ ಚಿತ್ರ ತಿರುಗಿಸಿದರೆ ಕೆಲಸ ಕೆಟ್ಟಂತೆಯೇ. ಪ್ಲಾಟ್‌ಫಾರಮಿನ ಅಂಚು, ಹಳಿ, ಚಾವಣಿಯ ಸಾಲು ಇವು ದೂರಕ್ಕೆ ಹೋಗುತ್ತ ಒಂದೆಡೆ ಕೂಡಿಕೊಳ್ಳುವ ಗೆರೆಗಳಾದ್ದರಿಂದ ಅವು ಓರೆಯಾಗಿಯೇ ಕಾಣಬೇಕು. ಹಳದಿ ನಾಮಫಲಕದ ಅಕ್ಷರದ ಸಾಲೂ ಪಕ್ಕದಿಂದ ನೋಡಿದರೆ ಓರೆಯೇ. ಫಲಕವನ್ನು ಹೊತ್ತ ಕಂಬಗಳನ್ನು ನೋಡಿ.

ನೀರು ಇನ್ನೊಂದು ಒಳ್ಳೆಯ ಸಾಕ್ಷಿ. ಶಹಾಬಾದಿನ ಬಳಿ ಕಾಗಿಣಾ ಸೇತುವೆಯ ಮೇಲೆ ಹೋಗುವ ಗಾಡಿಯನ್ನು ದಡದಿಂದ ಚಿತ್ರಿಸಿದ್ದರೆ, ನಿಂತ ನೀರಿನಲ್ಲಿ ಯಾವುದೇ ಬಿಂದುವಿನ ಪ್ರತಿಬಿಂಬವು ಆ ಬಿಂದುವಿನ ನೇರ ಕೆಳಗೇ ಬೀಳುತ್ತದೆ. ಎರಡನ್ನೂ ಕೂಡಿಸುವ ಗೆರೆಯೇ ತೂಗುಗುಂಡಿನ ದಾರ. ಬೇಸಿಗೆಯಲ್ಲಿ ನದಿ ಬತ್ತಿದಾಗ ಈ ಸೌಲಭ್ಯವಿಲ್ಲ.

ಯಾವ ಕಂಬವನ್ನೇ ಆಗಲಿ, ಚೌಕಟ್ಟಿನ ನಡುವೆ ಇದ್ದಾಗ ನೋಡಬೇಕು. ಕ್ಯಾಮೆರಾ ತುಸು ಮೇಲ್ಮುಖವಾಗಿದ್ದರೆ ಎಡಬದಿಯ ಕಂಬ ಬಲಕ್ಕೂ ಬಲಬದಿಯ ಕಂಬ ಎಡಕ್ಕೂ ಬಾಗಿ, ಎರಡೂ ಒಳಗೆ ಒರಗಿಕೊಂಡಂತೆ ಕಾಣುತ್ತವೆ. ನಡುವಿನದು ಮಾತ್ರ ಸತ್ಯ ಹೇಳುತ್ತದೆ. ಎರಡು ಬದಿಯ ಕಂಬಗಳೂ ಒಂದೇ ದಿಕ್ಕಿಗೆ ಬಾಗಿದ್ದರೆ ಅದು ವಾಲುವಿಕೆ. ಒಂದರ ಕಡೆಗೊಂದು ಬಾಗಿದ್ದರೆ ಅದು ಕ್ಯಾಮೆರಾ ಮೇಲೆ ನೋಡಿದ್ದರ ಫಲ, ಅದಕ್ಕೆ ಚಿತ್ರ ತಿರುಗಿಸುವುದು ಮದ್ದಲ್ಲ. ಪರ್ಸ್‌ಪೆಕ್ಟಿವ್ ತಿದ್ದುವ ಉಪಕರಣವಿದ್ದರೆ ಅದನ್ನು ಬಳಸಬೇಕು, ಇಲ್ಲದಿದ್ದರೆ ಹಾಗೆಯೇ ಬಿಡಬೇಕು. ಮೊಬೈಲಿನ ಅತಿ ಅಗಲದ ಲೆನ್ಸಿನಲ್ಲಿ ತೆಗೆದಿದ್ದರೆ ಅಂಚಿನ ಗೆರೆಗಳು ಬಿಲ್ಲಿನಂತೆ ಬಾಗುವುದೂ ಉಂಟು, ಅದೂ ಬೇರೆಯೇ ಜಾತಿಯ ದೋಷ.

ಮೂರು ಕಡೆ ನಿಲ್ಲಿಸಿ ನೋಡುವುದು

ತುಣುಕಿನ ಆರಂಭ, ನಡು ಮತ್ತು ಕೊನೆಯಲ್ಲಿ ಒಮ್ಮೊಮ್ಮೆ ನಿಲ್ಲಿಸಿ, ನಂಬಲರ್ಹವಾದ ಒಂದು ನೆಟ್ಟಗಿನ ಗೆರೆಯ ಪಕ್ಕದಲ್ಲಿ ಬಿಳಿ ಹಾಳೆಯ ಅಂಚನ್ನು ಪರದೆಗೆ ಒತ್ತಿ ಹಿಡಿಯಿರಿ. ಹಾಳೆಯ ಕೆಳತುದಿ ಮಾನಿಟರಿನ ಚೌಕಟ್ಟಿಗೆ ಸರಿಯಾಗಿ ಕೂತಿರಬೇಕು. ಮೂರೂ ಕಡೆ ವಾಲುವಿಕೆ ಒಂದೇ ಅಳತೆಯಲ್ಲಿದ್ದರೆ ಅದು ಸ್ಥಿರ ವಾಲುವಿಕೆ. ಅಳತೆ ಬದಲಾಗುತ್ತಿದ್ದರೆ ಕ್ಯಾಮೆರಾ ತಿರುಗುತ್ತಿದ್ದಾಗ ಮಟ್ಟ ತಪ್ಪಿದೆ. ಮೂರೂ ಕಡೆ ಕಂಬ ನೆಟ್ಟಗಿದ್ದು ಗಾಡಿ ಮಾತ್ರ ವಾಲಿದ್ದರೆ, ಅದು ತಿರುವಿನ ಹಳಿಯ ಕೆಲಸವೋ ಅಥವಾ ಮುಂದೆ ಹೇಳಲಿರುವ, ಚಿತ್ರವನ್ನು ಸಾಲುಸಾಲಾಗಿ ಹಿಡಿಯುವ ರೋಲಿಂಗ್ ಶಟರಿನ ಕೆಲಸವೋ ಎಂದು ನೋಡಬೇಕು. ಇವೆರಡನ್ನು ಬೇರ್ಪಡಿಸುವುದು ಸುಲಭ: ನಿಂತ ಗಾಡಿಯೂ ಅದೇ ಜಾಗದಲ್ಲಿ ವಾಲಿದ್ದರೆ ಅದು ಹಳಿ, ಓಡುವಾಗ ಮಾತ್ರ ವಾಲಿದ್ದರೆ ಅದು ಶಟರ್.

ಸ್ಥಿರ ವಾಲುವಿಕೆ

ಇದು ಎಲ್ಲಕ್ಕಿಂತ ಸುಲಭದ್ದು. ಕೈಯಲ್ಲಿ ಹಿಡಿದ ಮೊಬೈಲು ಒಂದು ಬದಿಗೆ ಜಾರಿರುತ್ತದೆ, ಅಷ್ಟೇ. 1080 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ, ಮೇಲಿನಿಂದ ಕೆಳಗಿನವರೆಗೆ ಹಾಯ್ದ ಕಂಬದ ತುದಿಗೂ ಬುಡಕ್ಕೂ ಅಡ್ಡದಲ್ಲಿ 19 ಪಿಕ್ಸೆಲ್ ವ್ಯತ್ಯಾಸವಿದ್ದರೆ ಅದು ಒಂದು ಡಿಗ್ರಿ. ಕಂಬ ಅರ್ಧ ಎತ್ತರದ್ದಾದರೆ ಸುಮಾರು ಒಂಬತ್ತೂವರೆ ಪಿಕ್ಸೆಲಿಗೇ ಒಂದು ಡಿಗ್ರಿ. ಅರ್ಧ ಡಿಗ್ರಿಗಿಂತ ಕಡಿಮೆಯಿದ್ದರೆ ನಾನು ಮುಟ್ಟುವುದಿಲ್ಲ.

ವಿಡಿಯೊ ಸಂಕಲನದ ತಂತ್ರಾಂಶಗಳ ಪೈಕಿ ಶಾಟ್‌ಕಟ್‌ನಲ್ಲಿ ಗಾತ್ರ, ಸ್ಥಾನ ಮತ್ತು ತಿರುಗಿಸುವಿಕೆಯ ಫಿಲ್ಟರ್, ಕೆಡೆನ್‌ಲೈವ್ ಮತ್ತು ಡಾವಿಂಚಿ ರಿಸಾಲ್ವ್‌ಗಳಲ್ಲಿ ಟ್ರಾನ್ಸ್‌ಫಾರ್ಮ್ ಎಂಬ ವಿಭಾಗ ಈ ಕೆಲಸ ಮಾಡುತ್ತವೆ. ಗೂಗಲ್ ಫೋಟೋಸ್ ಆ್ಯಪ್‌ನಲ್ಲಿಯೂ ಬೆರಳಿನಿಂದ ಎಳೆದು ನೆಟ್ಟಗೆ ಮಾಡುವ ಪಟ್ಟಿ ಇದೆ. ಧನಚಿಹ್ನೆಯ ಸಂಖ್ಯೆ ಕೊಟ್ಟರೆ ಚಿತ್ರ ಗಡಿಯಾರದ ದಿಕ್ಕಿಗೆ ತಿರುಗುತ್ತದೆಯೋ ಅದರ ವಿರುದ್ಧವೋ ಎಂಬುದು ಒಂದೊಂದು ತಂತ್ರಾಂಶದಲ್ಲಿ ಒಂದೊಂದು ರೀತಿ ಇರುವುದರಿಂದ, ಮೊದಲು ಐದು ಡಿಗ್ರಿ ಕೊಟ್ಟು ಯಾವ ಕಡೆ ಹೋಯಿತೆಂದು ನೋಡಿ, ಬಳಿಕ ಬೇಕಾದ ಅಳತೆಗೆ ಬನ್ನಿ.

ತಿರುಗಿಸಿದ ಕೂಡಲೇ ನಾಲ್ಕೂ ಮೂಲೆಗಳಲ್ಲಿ ಕಪ್ಪು ತ್ರಿಕೋನಗಳು ಕಾಣಿಸಿಕೊಳ್ಳುತ್ತವೆ. ಅವನ್ನು ಚೌಕಟ್ಟಿನಿಂದ ಹೊರಗೆ ಹಾಕಲು ಚಿತ್ರವನ್ನು ಹಿಗ್ಗಿಸಬೇಕು. 16:9 ಅಗಲದ ಚಿತ್ರಕ್ಕೆ ಒಂದು ಡಿಗ್ರಿ ತಿರುಗಿಸಿದರೆ ಶೇ 3ರಷ್ಟು, ಎರಡಕ್ಕೆ ಶೇ 6, ಮೂರಕ್ಕೆ ಶೇ 9, ಐದಕ್ಕೆ ಶೇ 15ರಷ್ಟು ಹಿಗ್ಗಿಸಿದರೆ ಮೂಲೆಗಳು ತುಂಬಿಕೊಳ್ಳುತ್ತವೆ. ಹಿಗ್ಗಿಸಿದಷ್ಟು ಚಿತ್ರದ ಅಂಚು ಹೋಗುತ್ತದೆ, ಮತ್ತು ಎಂಜಿನ್ನಿನ ಮೂತಿ ಚೌಕಟ್ಟಿನ ಅಂಚಿಗೆ ತಾಗಿಕೊಂಡಿದ್ದರೆ ಹೋಗುವುದು ಅದೇ. ಹೀಗಾಗಿ 4ಕೆ ಗಾತ್ರದಲ್ಲಿ ಚಿತ್ರಿಸಿ 1080ರ ಟೈಮ್‌ಲೈನಿನಲ್ಲಿ ಸಂಕಲಿಸುವುದು ಲಾಭದಾಯಕ. ಎರಡು ಪಟ್ಟಿನವರೆಗೆ ಹಿಗ್ಗಿಸಲು ಸ್ಪಷ್ಟತೆಯ ನಷ್ಟವಿಲ್ಲದೆ ಜಾಗ ಸಿಗುತ್ತದೆ.

ಬದಲಾಗುವ ವಾಲುವಿಕೆ

ಟ್ರೈಪಾಡಿನ ಮೇಲಿಟ್ಟು ತೆಗೆದದ್ದೂ ಸೊಟ್ಟಗೆ ಬರುವುದುಂಟು, ಅದನ್ನು ನೋಡಿ ಹಲವರು ಬೆರಗಾಗುತ್ತಾರೆ. ಪ್ಲಾಟ್‌ಫಾರಮಿನ ನೆಲಕ್ಕೆ ನೀರು ಹರಿದುಹೋಗಲೆಂದು ಸಣ್ಣ ಇಳಿಜಾರು ಕೊಟ್ಟಿರುತ್ತಾರೆ; ಅದರ ಮೇಲೆ ಮೂರು ಕಾಲುಗಳನ್ನೂ ಒಂದೇ ಉದ್ದಕ್ಕೆ ಎಳೆದು ನಿಲ್ಲಿಸಿದರೆ ಟ್ರೈಪಾಡಿನ ನಡುಗಂಬವೂ ಅಷ್ಟೇ ವಾಲುತ್ತದೆ. ಗಾಡಿ ಬರುವ ದಿಕ್ಕಿಗೆ ಕ್ಯಾಮೆರಾ ಮುಖ ಮಾಡಿ ಮಟ್ಟ ನೋಡಿದರೆ ಸರಿಯಾಗಿಯೇ ಇರುತ್ತದೆ. ಆದರೆ ಗಾಡಿಯ ಜೊತೆಗೆ ತಿರುಗಿಸುತ್ತ ಹೋದಂತೆ, ಮೊದಲು ಮುಂದಕ್ಕೋ ಹಿಂದಕ್ಕೋ ಇದ್ದ ಓರೆ ಪಕ್ಕದ ಓರೆಯಾಗಿ ಮಾರ್ಪಟ್ಟು, ತೊಂಬತ್ತು ಡಿಗ್ರಿ ತಿರುಗಿದಾಗ ಪೂರ್ತಿ ವಾಲುವಿಕೆ ಚಿತ್ರದಲ್ಲಿ ಕಾಣುತ್ತದೆ. ಮಟ್ಟವನ್ನು ಕ್ಯಾಮೆರಾದ ತಲೆಯಲ್ಲಲ್ಲ, ಕಾಲುಗಳಲ್ಲಿ ಸರಿಮಾಡಬೇಕಿತ್ತು.

ಆಗಿಹೋದ ತುಣುಕಿಗೆ ಕೀಫ್ರೇಮುಗಳೇ ಉಪಾಯ, ಅಂದರೆ ಇಂಥ ಕ್ಷಣಕ್ಕೆ ಇಷ್ಟು ಕೋನ ಎಂದು ಹಾಕುವ ಗುರುತುಗಳು; ನಡುವಿನದನ್ನು ತಂತ್ರಾಂಶವೇ ತುಂಬಿಕೊಳ್ಳುತ್ತದೆ. ಕ್ಯಾಮೆರಾ ತಿರುಗಲು ತೊಡಗುವ ಮುನ್ನ ಒಂದು, ತಿರುಗಿ ನಿಂತ ಬಳಿಕ ಒಂದು, ಇವೆರಡರ ನಡುವೆ ಒಂದು. ಪ್ರತಿಯೊಂದರಲ್ಲೂ ಆ ಕ್ಷಣಕ್ಕೆ ಬೇಕಾದ ಕೋನವನ್ನು ಕೊಡಿ. ನಡುವಿನದು ಏಕೆಂದರೆ ವಾಲುವಿಕೆ ಆರಂಭದಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಏರುವುದಿಲ್ಲ. ಇನ್ನೂ ಹೆಚ್ಚು ಕೀಫ್ರೇಮು ಹಾಕುವ ಆಸೆಗೆ ಬಿದ್ದರೆ ಚಿತ್ರ ತೊಟ್ಟಿಲಿನಂತೆ ತೂಗತೊಡಗುತ್ತದೆ. ನಾನು ಹದಿನೇಳು ಹಾಕಿದ ಒಂದು ತುಣುಕನ್ನು ಕೊನೆಗೆ ಅಳಿಸಿ ಮೂರಕ್ಕೇ ಬಂದೆ. ಹಿಗ್ಗಿಸುವ ಪ್ರಮಾಣಕ್ಕೆ ಮಾತ್ರ ಕೀಫ್ರೇಮು ಹಾಕಲೇಬೇಡಿ. ತುಣುಕಿನಲ್ಲಿ ಅತಿ ಹೆಚ್ಚು ತಿರುಗಿಸಿದ ಕಡೆಗೆ ಎಷ್ಟು ಹಿಗ್ಗಿಕೆ ಬೇಕೋ ಅಷ್ಟನ್ನೇ ಉದ್ದಕ್ಕೂ ಸ್ಥಿರವಾಗಿಡಿ. ಇಲ್ಲದಿದ್ದರೆ ನಿಲ್ದಾಣವೇ ಉಸಿರಾಡುತ್ತಿರುವಂತೆ ಕಾಣುತ್ತದೆ.

ಕಂಬಗಳು ಓರೆ, ಬಾನಂಚು ಸಮ

ಮೊಬೈಲಿನ ಸಂವೇದಕವು ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಹಿಡಿಯುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತ ಬರುತ್ತದೆ (ರೋಲಿಂಗ್ ಶಟರ್ ಎಂದರೆ ಇದೇ), ಮತ್ತು ಅಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತದೆ. ಓದಲು ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗ ಬೇಕೆಂದು ಇಟ್ಟುಕೊಳ್ಳೋಣ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ಅಷ್ಟರಲ್ಲಿ ಸುಮಾರು 56 ಸೆಂಟಿಮೀಟರ್ ಸರಿಯುತ್ತದೆ. ಬೋಗಿಯ ಎತ್ತರ ಹಳಿಯಿಂದ ಸುಮಾರು 4 ಮೀಟರ್. ಅದು ಚೌಕಟ್ಟನ್ನು ಮೇಲಿನಿಂದ ಕೆಳಗಿನವರೆಗೆ ತುಂಬಿದ್ದರೆ ಬಾಗಿಲು ಕಿಟಕಿಗಳ ಅಂಚು ಎಂಟು ಡಿಗ್ರಿಯಷ್ಟು, ಅರ್ಧ ಮಾತ್ರ ತುಂಬಿದ್ದರೆ ನಾಲ್ಕು ಡಿಗ್ರಿಯಷ್ಟು ಓರೆಯಾಗುತ್ತದೆ. ಎಡದಿಂದ ಬಲಕ್ಕೆ ಓಡುವ ಗಾಡಿ ಹಿಂದಕ್ಕೆ ಒರಗಿಕೊಂಡಂತೆ ಕಾಣುವುದು ಹೀಗೆ.

ಗಾಡಿಯೊಳಗೆ ಕುಳಿತು ಕಿಟಕಿಯಿಂದ ತೆಗೆದರೆ ಇದೇ ದೋಷ ತಿರುಗುಮುರುಗಾಗಿ, ಹತ್ತಿರದ ಕಂಬಗಳು ಗಾಡಿ ಹೋಗುವ ದಿಕ್ಕಿಗೆ ತಲೆ ಬಾಗಿಸಿದಂತೆ ಓಡಿಹೋಗುತ್ತವೆ. ದೂರದ ಮರಗಳು ನೆಟ್ಟಗೇ ಇರುತ್ತವೆ. ಪ್ಲಾಟ್‌ಫಾರಮಿನಲ್ಲಿ ನಿಂತು ಗಾಡಿಯನ್ನು ಹಿಂಬಾಲಿಸುತ್ತ ಕ್ಯಾಮೆರಾ ತಿರುಗಿಸಿದಾಗಲಂತೂ ಗಾಡಿ ನೆಟ್ಟಗೆ, ಕಂಬಗಳು ಓರೆ. ಮೇಲೆ ಕಂಬವನ್ನು ನಂಬಿ ಎಂದು ಹೇಳಿದ ಮಾತು ಕ್ಯಾಮೆರಾ ಅಲುಗಾಡದೆ ನಿಂತಿರುವ ಕ್ಷಣಗಳಿಗೆ ಮಾತ್ರ ಅನ್ವಯಿಸುತ್ತದೆ. ಹಾಗಾದರೆ ಇದನ್ನು ನಿಜವಾದ ವಾಲುವಿಕೆಯಿಂದ ಹೇಗೆ ಬೇರ್ಪಡಿಸುವುದು? ಅಡ್ಡಗೆರೆಯನ್ನು ನೋಡಿ. ಕ್ಯಾಮೆರಾ ವಾಲಿದ್ದರೆ ಕಂಬವೂ ಬಾನಂಚೂ ಒಟ್ಟಿಗೆ ಅಷ್ಟೇ ಕೋನಕ್ಕೆ ತಿರುಗಿರುತ್ತವೆ. ರೋಲಿಂಗ್ ಶಟರ್ ಸಾಲುಗಳನ್ನು ಪಕ್ಕಕ್ಕೆ ಜಾರಿಸುತ್ತದೆಯೇ ಹೊರತು ಎತ್ತುವುದಿಲ್ಲವಾದ್ದರಿಂದ, ಕಂಬ ಓರೆಯಾದರೂ ತೊಗರಿ ಹೊಲದಾಚೆಯ ಬಾನಂಚು ಸಮವಾಗಿಯೇ ಉಳಿಯುತ್ತದೆ.

ಇಂತಹ ಚಿತ್ರವನ್ನು ತಿರುಗಿಸಿದರೆ ಕಂಬ ನೆಟ್ಟಗಾಗಿ ನೆಲ ಸೊಟ್ಟಗಾಗುತ್ತದೆ. ಸಂಕಲನ ತಂತ್ರಾಂಶಗಳಲ್ಲಿ ರೋಲಿಂಗ್ ಶಟರ್ ತಿದ್ದುವ ಉಪಕರಣಗಳಿವೆ, ಆದರೆ ಅವು ಮುಖ್ಯವಾಗಿ ಕ್ಯಾಮೆರಾ ಅಲುಗಿದ್ದರಿಂದ ಬಂದ ಓರೆಗೆ. ನಿಂತ ಕ್ಯಾಮೆರಾದ ಮುಂದೆ ಓಡಿದ ಗಾಡಿಯ ಓರೆಯನ್ನು ಹಿನ್ನೆಲೆ ಕೆಡಿಸದೆ ತೆಗೆಯುವುದು ಮನೆಯ ಕೆಲಸಕ್ಕೆ ದುಬಾರಿ. ನನ್ನ ಅಭಿಪ್ರಾಯದಲ್ಲಿ ಅದನ್ನು ಹಾಗೆಯೇ ಬಿಡುವುದು ಲೇಸು. ಮುಂದಿನ ಸಲ ಸೆಕೆಂಡಿಗೆ 60 ಫ್ರೇಮುಗಳ ಕ್ರಮದಲ್ಲಿ ತೆಗೆಯಿರಿ; ಆಗ ಒಂದು ಚಿತ್ರವನ್ನು ಓದಲು ಸೆಕೆಂಡಿನ ಅರವತ್ತನೆಯ ಭಾಗಕ್ಕಿಂತ ಹೆಚ್ಚು ಸಮಯ ಇರಲಾರದು, 120ರಲ್ಲಿ ಅದರ ಅರ್ಧ. ಶಟರ್ ವೇಗ ಹೆಚ್ಚಿಸುವುದರಿಂದ, ಅಂದರೆ ಬೆಳಕು ಬೀಳುವ ಹೊತ್ತನ್ನು ಕಡಿಮೆ ಮಾಡುವುದರಿಂದ, ಪ್ರಯೋಜನವಿಲ್ಲ. ಮಸುಕು ಹೋಗಿ ಓರೆ ಇನ್ನಷ್ಟು ಸ್ಪಷ್ಟವಾಗುತ್ತದೆ, ಅಷ್ಟೇ.

ಸ್ಟೆಬಿಲೈಸೇಶನ್ ಮಾಡಿದ ಅನಾಹುತ

ನಡುಕ ತೆಗೆಯಲೆಂದು ಸ್ಟೆಬಿಲೈಸೇಶನ್ ಹಾಕಿದ ಮೇಲೆ ಗಾಡಿ ಹಾಯುವಷ್ಟು ಹೊತ್ತು ಮಾತ್ರ ನಿಲ್ದಾಣ ವಾಲಿ ಮತ್ತೆ ನೆಟ್ಟಗಾಗುತ್ತದೆಯೇ? ತಂತ್ರಾಂಶವು ಚೌಕಟ್ಟಿನ ಹೆಚ್ಚಿನ ಭಾಗವನ್ನು ತುಂಬಿದ ಗಾಡಿಯನ್ನೇ ನೆಲವೆಂದು ತಿಳಿದು, ಅದನ್ನು ಸ್ಥಿರವಾಗಿಡಲು ಹೋಗಿ ಉಳಿದದ್ದನ್ನು ಎಳೆದಾಡಿದೆ. ತುಣುಕನ್ನು ಕತ್ತರಿಸಿ, ಗಾಡಿ ಚೌಕಟ್ಟನ್ನು ತುಂಬುವ ಭಾಗಕ್ಕೆ ಸ್ಟೆಬಿಲೈಸೇಶನ್ ತೆಗೆದುಬಿಡಿ. ಡಾವಿಂಚಿ ರಿಸಾಲ್ವ್‌ನಲ್ಲಿ ಟ್ರಾನ್ಸ್‌ಲೇಶನ್ ಎಂಬ ಕ್ರಮವನ್ನು ಆಯ್ದರೆ ಅದು ಚಿತ್ರವನ್ನು ಸರಿಸುತ್ತದೆಯೇ ವಿನಾ ತಿರುಗಿಸುವುದಿಲ್ಲವಾದ್ದರಿಂದ ಈ ಹುಸಿ ವಾಲುವಿಕೆ ಬರುವುದಿಲ್ಲ. ಮೊಬೈಲಿನೊಳಗೇ ಆಗಿಹೋದ ಸ್ಟೆಬಿಲೈಸೇಶನ್ನನ್ನು ಮಾತ್ರ ಹಿಂದೆಗೆಯಲಾಗದು.

ಪೂರ್ತಿ ಅಡ್ಡಬಿದ್ದ ಚಿತ್ರ

ಒಂದು ಯಂತ್ರದಲ್ಲಿ ಸರಿಯಾಗಿ ಕಂಡು ಇನ್ನೊಂದರಲ್ಲಿ ತೊಂಬತ್ತು ಡಿಗ್ರಿ ಮಲಗಿದಂತೆ ಕಾಣುವ ತುಣುಕು ಕೆಟ್ಟಿಲ್ಲ. ರೆಕಾರ್ಡ್ ಗುಂಡಿ ಒತ್ತಿದ ಕ್ಷಣದಲ್ಲಿ ಮೊಬೈಲು ಹೇಗಿತ್ತು ಎಂಬುದನ್ನು ಕಡತದೊಳಗೆ ಒಂದು ಗುರುತಾಗಿ ಬರೆದಿರುತ್ತದೆ; ಕೆಲವು ಪ್ಲೇಯರುಗಳು ಅದನ್ನು ಓದುತ್ತವೆ, ಕೆಲವು ಓದುವುದಿಲ್ಲ. ಸಂಕಲನದಲ್ಲಿ ತೊಂಬತ್ತು ಡಿಗ್ರಿ ತಿರುಗಿಸಿ ಹೊಸದಾಗಿ ಉಳಿಸಿದರೆ ಮುಗಿಯಿತು.

ಹಳೆಯ ಕ್ಯಾಸೆಟ್ಟುಗಳು

ಹ್ಯಾಂಡಿಕ್ಯಾಮಿನ ಕಾಲದ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ವಿಡಿಯೊಗಳನ್ನು ನೆಟ್ಟಗೆ ಮಾಡಲು ಹೋದವರು ಹೊಸದೊಂದು ತೊಂದರೆಯನ್ನು ತಂದುಕೊಳ್ಳುತ್ತಾರೆ: ತಿರುಗಿಸಿದ ಕೂಡಲೇ ಓಡುವ ಗಾಡಿಯ ಅಂಚುಗಳಲ್ಲಿ ಬಾಚಣಿಗೆಯ ಹಲ್ಲುಗಳಂತಹ ಸೀಳುಗಳು ಕಾಣುತ್ತವೆ. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳಿದ್ದರೂ ಪ್ರತಿಯೊಂದೂ ಬೇರೆ ಬೇರೆ ಕ್ಷಣದ ಎರಡು ಅರ್ಧಗಳನ್ನು, ಬೆಸ ಸಾಲುಗಳನ್ನೂ ಸರಿ ಸಾಲುಗಳನ್ನೂ, ಹೆಣೆದು ಮಾಡಿದ್ದು. ಸಾಲುಗಳು ಸಮವಾಗಿರುವವರೆಗೆ ಈ ಹೆಣಿಗೆಯನ್ನು ತಂತ್ರಾಂಶ ಬಿಡಿಸಬಲ್ಲದು. ಒಮ್ಮೆ ಎರಡು ಡಿಗ್ರಿ ತಿರುಗಿಸಿಬಿಟ್ಟರೆ ಬೆಸ ಸಾಲು ಸರಿ ಸಾಲಿನೊಳಗೆ ನುಗ್ಗಿ, ಬಳಿಕ ಯಾವ ಉಪಾಯಕ್ಕೂ ಬಗ್ಗದು. ಆದ್ದರಿಂದ ಮೊದಲು ಹೆಣಿಗೆ ಬಿಡಿಸುವ ಡಿಇಂಟರ್‌ಲೇಸ್, ಬಳಿಕ ತಿರುಗಿಸುವುದು. ಎರಡು ಅರ್ಧಗಳನ್ನೂ ಪೂರ್ತಿ ಚಿತ್ರಗಳಾಗಿ ಬಿಡಿಸಿ ಸೆಕೆಂಡಿಗೆ 50 ಮಾಡಿಕೊಂಡರೆ ಗಾಡಿಯ ಓಟ ಕ್ಯಾಸೆಟ್ಟಿನಲ್ಲಿದ್ದಷ್ಟೇ ನುಣುಪಾಗಿ ಉಳಿಯುತ್ತದೆ. ಮಿನಿಡಿವಿ ಎಂಬ ಸಣ್ಣ ಡಿಜಿಟಲ್ ಕ್ಯಾಸೆಟ್ಟುಗಳಲ್ಲಿ ಕೆಳಗಿನ ಅರ್ಧ ಮೊದಲು ಬರುತ್ತದೆ. ಈ ಕ್ರಮವನ್ನು ತಪ್ಪಾಗಿ ಕೊಟ್ಟರೆ ಗಾಡಿ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತೆ ಜರ್ಕು ಹೊಡೆಯುತ್ತದೆ.

ಇನ್ನೊಂದು ತೊಡಕು ಪಿಕ್ಸೆಲಿನ ಆಕಾರದ್ದು. ಈ ಕಡತಗಳು 720×576 ಅಳತೆಯಲ್ಲಿದ್ದರೂ ಕಾಣಬೇಕಾದದ್ದು 4:3 ಆಕಾರದಲ್ಲಿ, ಅಂದರೆ ಸುಮಾರು 768×576. ಪಿಕ್ಸೆಲುಗಳು ಚೌಕವಲ್ಲ. ಆಕಾರ ತಿದ್ದದೆ ತಿರುಗಿಸಿ, ಆಮೇಲೆ ಹಿಗ್ಗಿಸಿದರೆ ಕಂಬ ಒಂದು ಕೋನಕ್ಕೂ ನೆಲ ಇನ್ನೊಂದು ಕೋನಕ್ಕೂ ಹೋಗಿ, ಯಾವ ಸಂಖ್ಯೆ ಕೊಟ್ಟರೂ ಎರಡೂ ಒಟ್ಟಿಗೆ ಸರಿಯಾಗುವುದೇ ಇಲ್ಲ. ಚೌಕ ಪಿಕ್ಸೆಲಿಗೆ ತಂದುಕೊಂಡು ತಿರುಗಿಸಿದರೆ 4:3 ಚಿತ್ರಕ್ಕೆ ಮೂರು ಡಿಗ್ರಿಗೆ ಶೇ 7ರಷ್ಟು ಹಿಗ್ಗಿಕೆ ಸಾಕು.

ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಚಿತ್ರದ ಮೇಲಿನ ಕೆಲವು ಸಾಲುಗಳು ಮಾತ್ರ ಕೊಕ್ಕೆಯಂತೆ ಒಂದು ಬದಿಗೆ ಬಾಗಿ, ಕಂಬದ ತುದಿ ಮುರಿದಂತೆ ಕಾಣುತ್ತಿದ್ದರೆ ಕ್ಯಾಮೆರಾವನ್ನೂ ಹಳಿಯನ್ನೂ ದೂರಬೇಡಿ. ಅದು ಟೇಪಿನ ಬಿಗಿ ಹೆಚ್ಚುಕಡಿಮೆಯಾಗಿ ಸಾಲುಗಳ ಹೊತ್ತು ತಪ್ಪಿದ್ದರಿಂದ ಬಂದದ್ದು. ಸಾಧ್ಯವಿದ್ದರೆ ಬೇರೊಂದು ವಿಸಿಆರ್‌ನಲ್ಲಿ ಹಾಕಿ ಮತ್ತೆ ಇಳಿಸಿಕೊಳ್ಳಿ. ನಮ್ಮ ಮನೆಯ ಕ್ಯಾಸೆಟ್ಟಿಗೆ ಎರಡನೆಯ ವಿಸಿಆರ್ ಸಿಗಲಿಲ್ಲ. ಮೇಲಿನ ಇಪ್ಪತ್ತು ಸಾಲುಗಳನ್ನು ಕತ್ತರಿಸಿ, ಉಳಿದದ್ದನ್ನು ಒಂದೂವರೆ ಡಿಗ್ರಿ ತಿರುಗಿಸಿ ಕಾಕಾನ ಮುಂದಿಟ್ಟೆ. ಅವರು ಜೇಬಿನಿಂದ ದಾರ ತೆಗೆದು, ತುದಿಗೆ ಮನೆಯ ಕೀಲಿಗೊಂಚಲು ಕಟ್ಟಿ, ಟಿವಿಯ ಮುಂದೆ ಇಳಿಬಿಟ್ಟು, ಸಿಗ್ನಲ್ ಕಂಬದ ಮೇಲೆ ದಾರ ಹೊಂದಿಕೊಳ್ಳುವವರೆಗೆ ಒಂದು ಕಣ್ಣು ಮುಚ್ಚಿಕೊಂಡು ನೋಡಿದರು.